ಹವಳ ಕಟ್ಟಿದ ಸಿಪಾಯಿ ಗೊಂಬೆ

ಅತ್ತಿಗೆ, ಆ ದಸರೆಯಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ತಿಳಿಯದೆ ಆಡಿದ್ದಲ್ಲ — ತಿಳಿದೇ ಹೇಳಿದ್ದು. ಇಷ್ಟು ವರ್ಷ ನೀವು ನನ್ನನ್ನು ಮನ್ನಿಸಿಕೊಂಡೇ ಬಂದಿದ್ದೀರಿ. ಆದರೆ ನೀವು ಮನ್ನಿಸಿದ್ದು ನಾನು ಮಾಡದ ತಪ್ಪನ್ನು.

ಸಾರಕ್ಕಿಯ ನಮ್ಮ ಬೇಸಾಯದ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಅಣ್ಣ ಮಿಲಿಟರಿಗೆ ಸೇರಿದ ಮೇಲೆ ನೀವೇ ಶುರುಮಾಡಿದಿರಿ. ರಾಜ-ರಾಣಿಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮಣ್ಣಿನ ಸಿಪಾಯಿಗಳು, ಆ ಸಿಪಾಯಿಗಳೆಲ್ಲರಿಗಿಂತ ಮೇಲೆ ಕುದುರೆ ಏರಿದ ಒಬ್ಬ. ಅಕ್ಷರ ಬಾರದ ನೀವು ಅಣ್ಣನ ಮಾತುಗಳನ್ನು ಕಿವಿಯಲ್ಲೇ ಹಿಡಿದಿಟ್ಟುಕೊಂಡು ನಿಮ್ಮದೇ ಅರ್ಥ ತುಂಬುತ್ತಿದ್ದಿರಿ. ರೆಜಿಮೆಂಟು ನಿಮಗೆ ‘ರಾಜಮಂಟಪ’. ಬ್ರಿಗೇಡಿಯರ್ ‘ಬಿರಿಗಡಿಯಾರ’ — ಆತ ಗಡಿಯಾರ ನೋಡಿ ಕೂಗಿದರೇ ಎಲ್ಲರೂ ಏಳುವುದಂತೆ. ಅಣ್ಣ ಹವಾಲ್ದಾರನಾದಾಗ ‘ಹವಳದಾರ’ ಎಂದಿರಿ. ತಾಳಿ ಪೋಣಿಸುವಾಗ ಉಳಿದಿದ್ದ ಒಂದು ಹವಳವನ್ನು ಒಬ್ಬ ಸಿಪಾಯಿಯ ಕೊರಳಿಗೆ ಕಟ್ಟಿದಿರಿ.

ಈ ಮಾತುಗಳು ಹೇಗೆ ಹುಟ್ಟುತ್ತವೆಂದು ನನಗೆ ತಡೆಯಲಾರದ ಕುತೂಹಲ. ಜಯನಗರದ ಶಾಲೆಯಿಂದ ಬಂದವಳೇ ನೀವು ರಾಗಿ ಬೀಸುವಲ್ಲಿ ಬಂದು ಕೂರುತ್ತಿದ್ದೆ. ಹವಾಲ್ದಾರನಿಗೂ ಹವಳಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತಿತ್ತು. ತಿದ್ದಲಿಲ್ಲ — ತಿದ್ದಿದರೆ ಮುಂದಿನ ಮಾತು ಸಿಗುವುದಿಲ್ಲವಲ್ಲ. “ಕುದುರೆ ಮೇಲಿನೋನು ಯಾರು ಅತ್ತಿಗೆ?” ಎಂದರೆ, “ಹಬ್ಬದ ದಿನ ಹೇಳ್ತೀನಿ ಇರೇ” ಎಂದು ನಗುತ್ತಿದ್ದಿರಿ.

ಆ ವರ್ಷ ನನ್ನ ಗೆಳತಿಯನ್ನೂ ಅವಳ ತಾಯಿಯನ್ನೂ ಗೊಂಬೆ ನೋಡಲು ಕರೆದವಳು ನಾನೇ. ಆಕೆ ದೊಡ್ಡ ಮಿಲಿಟರಿ ಅಧಿಕಾರಿಯ ಹೆಂಡತಿ. ಅವರು ಬರುವ ಮುಂಚೆ ನೀವು ನನ್ನ ಕೈ ಹಿಡಿದುಕೊಂಡಿರಿ.

“ನೋಡೇ, ಅವರು ತಿಳಿದೋರು. ನಾನೇನಾದ್ರೂ ತಪ್ಪಾಡಿದ್ರೆ ನಿಮ್ಮಣ್ಣನ ಮರ್ಯಾದೆ ಹೋಗುತ್ತೆ. ಎಲ್ಲಾ ಸರಿಯಾಗಿದೆ ತಾನೆ?”

“ಎಲ್ಲಾ ಸರಿಯಾಗಿದೆ ಅತ್ತಿಗೆ.”

ನಿಮ್ಮ ಮಾತು ಕೇಳಿ ಆ ಅಧಿಕಾರಿಯ ಹೆಂಡತಿಯ ಮುಖ ಹೇಗಾಗುತ್ತದೋ ನೋಡಬೇಕಿತ್ತು ನನಗೆ. ಅಷ್ಟಕ್ಕಾಗಿ.

ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ತೋರಿಸುತ್ತ ಬಂದಿರಿ. ಹವಳದ ಸಿಪಾಯಿಯ ಹತ್ತಿರ ಆಕೆ ತಡೆದರು.

“ಇದೇನಮ್ಮ, ಕೊರಳಲ್ಲಿ?”

“ಹವಳದಾರ ಅಲ್ವಾ ಅಮ್ಮಾವ್ರೇ. ಮೇಲಕ್ಕೇರಿಸಿದಾಗ ಸರ್ಕಾರದೋರು ಹವಳ ಕಟ್ತಾರೆ. ಅವರಿಗೊಂದು ಅಲ್ಲಿ, ನನಗೊಂದು ಇಲ್ಲಿ.” ನಿಮ್ಮ ಕೈ ತಾಳಿಯ ಮೇಲಿತ್ತು.

“ಸರ್ಕಾರ ನಿನ್ನ ಗಂಡನಿಗೆ ತಾಳಿ ಕಟ್ಟಿತೇನಮ್ಮ ಹಾಗಾದ್ರೆ?”

ಗೆಳತಿ ನಕ್ಕ ರಭಸಕ್ಕೆ ಕೈಲಿದ್ದ ಚಕ್ಕುಲಿ ಬಿತ್ತು. ಗೊಂಬೆ ನೋಡಲು ಬಂದಿದ್ದ ನೆರೆಯವರೂ ನಕ್ಕರು. ನೀವು ನನ್ನ ಕಡೆ ನೋಡಿದಿರಿ. ನಾನು ತಲೆ ತಗ್ಗಿಸಿದೆ. ಕುದುರೆಯವನವರೆಗೆ ನೀವು ಹೋಗಲೇ ಇಲ್ಲ. ಎಲ್ಲರಿಗೂ ಕುಂಕುಮ ಕೊಟ್ಟು ಒಳಗೆ ನಡೆದಿರಿ.

ಮರುದಿನ ನನ್ನ ಜಡೆ ಹೆಣೆಯುತ್ತ ಅಂದಿರಿ, “ಪಾಪ, ನಿನಗೂ ಗೊತ್ತಿರ್ಲಿಲ್ಲ ಬಿಡು. ನೀನು ಯಾಕೆ ಸಪ್ಪಗಿದ್ದೀಯ?”

ಆಗಲಾದರೂ ಹೇಳಬಹುದಿತ್ತು. ನನ್ನ ಜಡೆ ನಿಮ್ಮ ಕೈಯಲ್ಲಿತ್ತು, ಅತ್ತಿಗೆ — ಹೇಳಲಿಲ್ಲ.

ಸಿಪಾಯಿಗಳು ಅಟ್ಟ ಸೇರಿದರು. ಮುಂದಿನ ರಜೆಗೆ ಬಂದ ಅಣ್ಣನಿಗೆ ನೀವು ಮುದ್ದೆ ಬಡಿಸಿದಿರಿ, ಸಾರು ಬಿಟ್ಟಿರಿ, ಏನೂ ಕೇಳಲಿಲ್ಲ. ಮೊದಲೆಲ್ಲ ನೀವು ಕೇಳಿದ್ದಕ್ಕೆ ಅವನು ನಿಮ್ಮ ಮಾತಿನಲ್ಲೇ ಉತ್ತರ ಕೊಡುತ್ತಿದ್ದ. “ಬಿರಿಗಡಿಯಾರಪ್ಪ ಚೆನ್ನಾಗವ್ನೆ” ಅನ್ನುತ್ತಿದ್ದ. ಈ ಸಲ ಬಾವಿಕಟ್ಟೆಯ ಹತ್ತಿರ ನನ್ನನ್ನು ತಡೆದು ಕೇಳಿದ.

“ಏನಾಯ್ತಮ್ಮಿ ಇವಳಿಗೆ? ರೈಲಲ್ಲಿ ದಾರಿಯುದ್ದಕ್ಕೂ ಇವಳು ಏನೇನು ಕೇಳ್ತಾಳೋ ಅಂತ ನೆನೆಸ್ಕೊಂಡು ಬಂದೆ.”

“ನಂಗೇನ್ ಗೊತ್ತಣ್ಣ” ಎಂದೆ. ಇದು ಎರಡನೆಯ ಸುಳ್ಳು.

ಅಣ್ಣ ಪೆನ್ಷನ್ ಪಡೆದು ಬಂದಾಯಿತು. ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂರುತ್ತೀರಿ. ಅವನು ಪಲ್ಟನ್ನಿನ ಮಾತೆತ್ತಿದರೆ ನೀವು ಈಗಲೂ ಸಿಪ್ಪೆ ಚೆಲ್ಲುವ ನೆಪದಲ್ಲಿ ಎದ್ದು ಹೋಗುತ್ತೀರಿ. ಅದನ್ನು ಕಂಡೇ, ನೀವು ಓದಲಾರಿರೆಂದು ಗೊತ್ತಿದ್ದೂ, ಇದನ್ನು ಬರೆಯುತ್ತಿದ್ದೇನೆ.

ಈ ದಸರೆಗೆ ಮೊದಲು ಬಂದು ನಿಮ್ಮಿಬ್ಬರ ಎದುರಿಗೇ ಎಲ್ಲ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿದರೆ — ಹಾಕಿ. ಕುದುರೆ ಮೇಲಿನವನಿಗೆ ನೀವು ಏನು ಹೆಸರಿಟ್ಟಿದ್ದಿರೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯುವ ಆಸೆ ಇನ್ನೂ ಹೋಗಿಲ್ಲ. ಆದರೆ ಅದನ್ನು ನನಗೆ ಹೇಳಬೇಡಿ, ಅತ್ತಿಗೆ. ಅಣ್ಣನಿಗೆ ಹೇಳಿ.