ಬರ್ತೀನಿ ಅಂದವಳಿಗಾಗಿ ಹಿಡಿದ ಬಾಗಿಲು

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪೀಣ್ಯದಲ್ಲಿ ಎಸಿ ರಿಪೇರಿ ಕಲಿತೆ. ಆ ಕೈಕೆಲಸದ ಮೇಲೆಯೇ ವೀಸಾ ಸಿಕ್ಕಿತು. ಮೊದಲು ಅಡಿಲೇಡ್, ಆಮೇಲೆ ಪರ್ತ್. ಈಗ ಅಲ್ಲಿಯದೇ ವೆಲ್ಷ್‌ಪೂಲ್‌ನಲ್ಲಿ ಒಂದು ಸಾಗಣೆ ಕಂಪನಿಯ ಕಟ್ಟಡ ನೋಡಿಕೊಳ್ಳುತ್ತೇನೆ. ಮುಂದೆ ಎರಡಂತಸ್ತಿನ ಆಫೀಸು, ಹಿಂದೆ ಗೋದಾಮು. ನನ್ನ ಹೆಂಡತಿ ಅದೇ ಆಫೀಸಿನಲ್ಲಿ ಕ್ಲೀನಿಂಗ್ ಮಾಡುತ್ತಾಳೆ. ನಾವಿಬ್ಬರೂ ಕೆಲಸಕ್ಕೆ ತಡವಾಗಿ ಹೋದವರಲ್ಲ, ಇನ್ನೊಬ್ಬರಿಂದ ಹೇಳಿಸಿಕೊಂಡವರೂ ಅಲ್ಲ.

ಬೆಂಕಿ, ಬಿರುಗಾಳಿ ಬಂದಾಗ ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸುವ ವಾರ್ಡನ್ ಯಾರಾಗುತ್ತೀರಿ ಅಂತ ಮ್ಯಾನೇಜರ್ ಮೇಡಂ ಕೇಳಿದಾಗ ಆಫೀಸಿನವರೆಲ್ಲ ತಮ್ಮ ತಮ್ಮ ಸ್ಕ್ರೀನ್ ನೋಡಿದರು. ನಾನು ಕೈ ಎತ್ತಿದೆ. ಹಳದಿ ಹೆಲ್ಮೆಟ್ ಕೊಟ್ಟರು. ಅದನ್ನು ಮನೆಗೆ ತಂದು ಟೀವಿ ಪಕ್ಕ ಇಟ್ಟಿದ್ದೆ, ತೋರಿಸಲಿಕ್ಕೆ.

ಬೆಂಕಿಯ ಪಾಠ ಸುಲಭ. ಅಲಾರಂ ಹೊಡೆದರೆ ಎಲ್ಲರೂ ಹೊರಗೆ, ಕಾರ್ ಪಾರ್ಕಿಗೆ. ಸುಂಟರಗಾಳಿಯ ಪಾಠ ಇದಕ್ಕೆ ಪೂರಾ ಉಲ್ಟಾ. ಹೊರಗೆ ಕಾಲಿಡುವ ಹಾಗಿಲ್ಲ. ಒಳಗೆ, ಕೆಳಗೆ, ಕಟ್ಟಡದ ನಡುಮಧ್ಯಕ್ಕೆ ಹೋಗಬೇಕು. ಗಾಜಿನಿಂದ ದೂರ. ಲಿಫ್ಟ್ ಬೇಡ. ಗೋದಾಮಿನಂಥ ಅಗಲವಾದ ತಗಡಿನ ಸೂರು ಮೊದಲು ಕಿತ್ತುಹೋಗುತ್ತದೆ, ಹಾಗಾಗಿ ಅಲ್ಲಿನವರೂ ಆಫೀಸಿನ ಕೆಳಗಿನ ಕಾರಿಡಾರಿಗೆ ಬರಬೇಕು. ಅಲ್ಲಿ ಕಿಟಕಿಯಿಲ್ಲ, ಎರಡೂ ಕಡೆ ಇಟ್ಟಿಗೆ ಗೋಡೆ. ಗೋಡೆಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂತು, ತಲೆ ತಗ್ಗಿಸಿ, ಕತ್ತಿನ ಮೇಲೆ ಕೈ ಇಟ್ಟುಕೊಳ್ಳಬೇಕು. ಎಲ್ಲರೂ ಬಂದ ಮೇಲೆ ವಾರ್ಡನ್ ಬಾಗಿಲು ಹಾಕಬೇಕು. ಹಾಕಿದ ಮೇಲೆ ಯಾರಿಗಾಗಿಯೂ ಹೊರಗೆ ಹೋಗಕೂಡದು.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಹೆಂಡತಿ ನಕ್ಕಳು. ಅವಳ ಅಣ್ಣ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿದ್ದಾನೆ. "ಗಾಳಿಮಳೆ ಅಂದ್ರೆ ಅವ್ರ ಕಡೆದು ಕಣ್ರೀ, ಆಲಿಕಲ್ಲು ಬಿದ್ದು ಕಾರಿನ ಗಾಜೇ ಒಡ್ದೋಗತ್ತೆ. ಇಲ್ಲಿ ನಿಮ್ಮ ಹೆಲ್ಮೆಟ್ ಮೇಲೆ ಕಾಗೆ ಕೂತ್ಕೊಳತ್ತೆ, ಅಷ್ಟೆ."

ಅವಳ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಗಳು ಸ್ಕೂಲಿನಿಂದ ಬರುವಷ್ಟರಲ್ಲಿ ಬಸ್ಸಿನಲ್ಲಿ ಮನೆ ಸೇರುತ್ತಾಳೆ. ದಿನಾ ಆ ಹೊತ್ತಿಗೆ ನಾನು ಫೋನ್ ಮಾಡುವುದು, ಅವಳು "ಮುಗೀತು ರೀ, ಬರ್ತೀನಿ" ಅಂದು ಹೊರಡುವುದು ರೂಢಿ.

ಆ ದಿನ ಚಳಿಗಾಲದ ಮಳೆ. ಬೆಳಗಿನಿಂದ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಊಟದ ನಂತರ ಸುಂಟರಗಾಳಿಯ ಎಚ್ಚರಿಕೆ ಬಂದು ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಮೇಡಂ ಮೈಕಿನಲ್ಲಿ, ಎಲ್ಲರೂ ಕೆಳಗಿನ ಕಾರಿಡಾರಿಗೆ ಅಂದರು. ನಾನು ಗೋದಾಮಿನಲ್ಲಿದ್ದೆ. ಅಲ್ಲಿನವರನ್ನು ಕರೆಯುತ್ತಾ, ನಡೆಯುತ್ತಲೇ ಹೆಂಡತಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯೇ? ಬೇಗ ಕೆಳಗೆ..."

"ಮುಗೀತು ರೀ, ಬರ್ತೀನಿ," ಅಂದಳು. ಕಟ್ ಆಯಿತು.

ಕಾರಿಡಾರಿಗೆ ಬರುತ್ತಾಳೆ ಅಂದುಕೊಂಡೆ. ನನ್ನ ಬಾಯಲ್ಲಿ ಇದ್ದದ್ದು ಬೇರೆ ಪ್ರಶ್ನೆ, ಅವಳು ಕೊಟ್ಟದ್ದು ದಿನದ ಉತ್ತರ.

ಜನ ಬಂದರು. ಕೆಲವರು ಅಭ್ಯಾಸಬಲದಿಂದ ಕಾರ್ ಪಾರ್ಕಿನ ಕಡೆ ತಿರುಗಿದ್ದರು, ಅವರನ್ನು ಎಳೆದು ತಂದೆ. ಲೆಕ್ಕದ ವಿಭಾಗದವನು ಕಾಫಿ ಕಪ್ ಹಿಡಿದೇ ಬಂದ. ಎಲ್ಲರೂ ಗೋಡೆಗೆ ಕೂತರು. ನಾನು ಬಾಗಿಲಲ್ಲಿ ನಿಂತೆ. ಅದು ತಾನಾಗಿ ಮುಚ್ಚಿಕೊಳ್ಳುವ ದಪ್ಪ ಬಾಗಿಲು. ಭುಜ ಕೊಟ್ಟು ತಡೆದು ಹಿಡಿದಿದ್ದೆ.

"ಎಲ್ಲರೂ ಬಂದ್ರಾ?" ಮೇಡಂ ಕೇಳಿದರು.

"ನನ್ನ ಹೆಂಡ್ತಿ ಬರ್ತಿದ್ದಾಳೆ."

"ಅವಳೇ ಹೇಳಿದ್ಳಾ?"

"ಈಗಷ್ಟೇ ಹೇಳಿದ್ಳು."

ಕಾದರು. ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮೇಲೆ ಎಲ್ಲೋ ಗಾಜು ಒಡೆಯಿತು. ಮೆಟ್ಟಿಲ ಕಡೆ ನೋಡಿದೆ. ಮೆಟ್ಟಿಲು ಖಾಲಿ. "ಬಾಗಿಲು ಹಾಕು ಮೇಟ್," ಲೆಕ್ಕದವನು ಮೆಲ್ಲಗೆ ಹೇಳಿದ. ಮೇಡಂ ಎದ್ದು ಬಂದು ನನ್ನ ಪಕ್ಕ ನಿಂತರು. ಕಾರಿಡಾರಿನಲ್ಲಿದ್ದವರೆಲ್ಲ ನನ್ನ ಬೆನ್ನು ನೋಡುತ್ತಿದ್ದರು.

ಭುಜ ತೆಗೆದೆ. ಬಾಗಿಲು ತಾನೇ ಮುಚ್ಚಿಕೊಂಡಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕಿವಿ ಕಟ್ಟಿತು. ದೊಡ್ಡ ಲಾರಿ ಗೋಡೆಗೆ ಉಜ್ಜಿಕೊಂಡು ಹೋದಂಥ ಸದ್ದು. ಅತ್ತೆನಾ, ದೇವರನ್ನು ನೆನೆದೆನಾ ಅಂತ ಮಗಳು ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ. ತಲೆಯ ಮೇಲಿನ ಎಸಿ ಡಕ್ಟ್ ಅಲುಗುತ್ತಿತ್ತು. ಒಂದು ಕ್ಲಾಂಪಿನ ಸ್ಕ್ರೂ ಸಡಿಲವಿದೆ, ಸೋಮವಾರ ಬಿಗಿ ಮಾಡಬೇಕು ಅಂತ ಯೋಚಿಸುತ್ತಿದ್ದೆ. ಅದೊಂದೇ ಯೋಚನೆ ಸುತ್ತಿ ಸುತ್ತಿ ಬರುತ್ತಿತ್ತು.

ಅಪಾಯ ಕಳೆಯಿತು ಅಂತ ಫೋನಿನಲ್ಲಿ ಬಂದ ಮೇಲೆ ಮೇಡಂ ಬಾಗಿಲು ತೆಗೆದರು. ಮೇಲಿನ ಮಹಡಿಗೆ ಹೋದೆ. ಮಾಪ್ ಒಗೆದು ಒಣಹಾಕಿತ್ತು. ಅವಳ ಏಪ್ರನ್ ಮೊಳೆಯಲ್ಲಿತ್ತು, ಕೈಚೀಲ ಇರಲಿಲ್ಲ. ಆಗ ಗೊತ್ತಾಯಿತು, ಅವಳು ಯಾವ ಬರ್ತೀನಿ ಅಂದಿದ್ದು ಅಂತ.

ಹೊರಗೆ ಗೋದಾಮಿನ ತಗಡುಗಳು ರಸ್ತೆಯಲ್ಲಿ ಬಿದ್ದಿದ್ದವು. ಬಸ್ ಸ್ಟಾಪಿನ ಗಾಜು ಪುಡಿಪುಡಿ. ಬೆಂಚು ಖಾಲಿ. ನಾನು ಆ ಬೆಂಚಿನ ಮುಂದೆ ನಿಂತೆ, ಹೆಲ್ಮೆಟ್ ತಲೆಯಲ್ಲೇ ಇತ್ತು. ಮೇಡಂ ಹಿಂದೆಯೇ ಬಂದಿದ್ದರು.

"ಬರ್ತೀನಿ ಅಂದಳು ಅಂದ್ಯಲ್ಲ?"

"ನಮ್ಮಲ್ಲಿ ಹೊರಡೋವಾಗ ಬರ್ತೀನಿ ಅಂತಾರೆ ಮೇಡಂ. ಹೋಗ್ತೀನಿ ಅನ್ನಬಾರದು, ಅಪಶಕುನ."

"ಹಾಗಾದ್ರೆ ನಿಜವಾಗಿ ಬರೋರು ಏನಂತಾರೆ?"

"ಅವರೂ ಬರ್ತೀನಿ ಅಂತಾರೆ."

ಅವರು ನನ್ನ ತೋಳು ಹಿಡಿದುಕೊಂಡರು. ಆ ಹಿಡಿತ ಬೇರೆ ಯಾರದೋ ತೋಳಿಗೆ ಬಿದ್ದ ಹಾಗಿತ್ತು.

ಅಷ್ಟರಲ್ಲಿ ಮೂಲೆಯ ಸರ್ವೋ ಕಡೆಯಿಂದ, ಅಂದರೆ ಪೆಟ್ರೋಲ್ ಬಂಕಿನ ಕಡೆಯಿಂದ, ಹೆಂಡತಿ ನಡೆದು ಬಂದಳು. ಮೈಕ್ ಕೂಗುವ ಮೊದಲೇ ಬಸ್ ಸ್ಟಾಪಿಗೆ ಹೊರಟಿದ್ದವಳು ತಗಡು ಹಾರುವುದನ್ನು ಕಂಡು ಅಲ್ಲಿಗೆ ಓಡಿದ್ದಳಂತೆ. ಅಲ್ಲಿಯ ಹುಡುಗಿ ಇದ್ದವರನ್ನೆಲ್ಲ ಹಿಂದಿನ ಕೂಲ್ ರೂಮಿಗೆ ತಳ್ಳಿ ಬಾಗಿಲು ಹಾಕಿದಳಂತೆ. ಹಾಲಿನ ಕ್ರೇಟುಗಳ ಮಧ್ಯೆ ಕೂತು ತುಟಿ ನೀಲಿಯಾಗಿತ್ತು.

"ಯಾಕ್ರೀ ಹಿಂಗೆ ನಿಂತಿದ್ದೀರಾ? ಚಳಿ ಕಣ್ರೀ, ಜಾಕೆಟ್ ಕೊಡಿ."

ಜಾಕೆಟ್ ಕೊಟ್ಟೆ. "ಬಸ್ ಹೋಯ್ತಾ?" ಅಂತ ಕೇಳಿದೆ.

ಅವಳು ಬರುವ ಮೊದಲೇ ಬಾಗಿಲು ಬಿಟ್ಟೆ ಅಂತ ಆ ಸಂಜೆಯೇ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು. "ಅಷ್ಟು ಜನ ಇದ್ರಲ್ಲ, ಬಿಡ್ಲೇಬೇಕಿತ್ತು," ಅಂದು ನಲ್ಲಿ ಜೋರು ಮಾಡಿದಳು.

"ಇನ್ಮೇಲೆ ಹೊರಡೋವಾಗ ಹೋಗ್ತೀನಿ ಅನ್ನು."

"ಥೂ, ಬಿಡ್ತು ಅನ್ನಿ. ಮುತ್ತೈದೆ ಬಾಯಲ್ಲಿ ಆಡೋ ಮಾತಾ ಅದು?"

"ಅನ್ನು ಅಂದೆ."

ಅವಳು ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ನಲ್ಲಿ ನಿಲ್ಲಿಸಿದಳು.

ಈಗ ದಿನಾ ಮಧ್ಯಾಹ್ನ ಫೋನಿನಲ್ಲಿ "ಮುಗೀತು ರೀ, ಹೋಗ್ತೀನಿ" ಅನ್ನುತ್ತಾಳೆ, ಕೊನೆಯ ಮಾತನ್ನು ನುಂಗಿಕೊಂಡು. ನಮ್ಮಮ್ಮ ಕೇಳಿದ್ದರೆ ಬಾಯಿ ಮೇಲೆ ಹೊಡೆಯುತ್ತಿದ್ದಳು. ಕೇಳಿದಾಗ ನನಗೆ ಏನೂ ಅನ್ನಿಸುವುದಿಲ್ಲ. ಫೋನ್ ಮಾತ್ರ ಕಿವಿಯಲ್ಲೇ ಇಟ್ಟುಕೊಂಡಿರುತ್ತೇನೆ. ಅವಳೂ ಕಟ್ ಮಾಡುವುದಿಲ್ಲ. ಬಸ್ಸಿನ ಬಾಗಿಲು ಉಸ್ಸೆಂದು ತೆರೆದುಕೊಳ್ಳುತ್ತದೆ, ಅವಳು ಹತ್ತುತ್ತಾಳೆ, ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ನಾನು "ಬಾ" ಅನ್ನುತ್ತೇನೆ.