ಅತ್ತೆ ಮುಟ್ಟದ ರೊಟ್ಟಿ

ಮದುವೆಯಾಗಿ ಜೇವರ್ಗಿಗೆ ಬಂದ ಮೊದಲ ವಾರದಲ್ಲೇ, ನನ್ನ ಅತ್ತೆ ಹಿಂದೆ ಏನೋ ದೊಡ್ಡ ತಪ್ಪು ಮಾಡಿರಬೇಕು ಎಂದು ನನಗೆ ಅನ್ನಿಸಿತ್ತು. ದಿನಾ ಬೆಳಗ್ಗೆ ಹಿಟ್ಟಿಗೆ ಕೈ ಹಾಕುವ ಮೊದಲು ಅವರು ಒಲೆಯ ಪಕ್ಕ ಮೊಣಕಾಲೂರಿ, ತಲೆ ಮೇಲೆ ಸೆರಗು ಎಳೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ‘ನಾ ಪಾಪಿ ಅದೇನಿ ತಂದಿ, ನನ್ನ ದೂರ ಮಾಡಬ್ಯಾಡ’ ಎಂದು ಬಿಕ್ಕುತ್ತಿದ್ದರು. ಆಮೇಲೆ ಎದ್ದು ಮೂಗು ಒರೆಸಿಕೊಂಡು, ಏನೂ ಆಗದವರ ಹಾಗೆ ರೊಟ್ಟಿ ಬಡಿಯಲು ಕೂರುತ್ತಿದ್ದರು.

ಅವರ ಕೆಲಸ ಹಳ್ಳಿಗಳಿಗೆ ನಡೆದು ಹೋಗಿ ಹೆಂಗಸರಿಗೆ ನಮ್ಮ ಕ್ರೈಸ್ತರ ಸತ್ಯವೇದ ಓದಿ ಹೇಳುವುದು. ಇಜೇರಿಯ ಕಡೆ ಹೋದರೆ ಬಾಣಂತಿಯರ ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕತ್ತಲಾಗುವ ಮುಂಚೆ ತಿರುಗಿ ಬರುತ್ತಿದ್ದರು. ಸುಳ್ಳು ಹೇಳಿದ್ದನ್ನಾಗಲಿ, ಯಾರನ್ನಾದರೂ ಬೈದದ್ದನ್ನಾಗಲಿ ನಾನು ಕೇಳಿರಲಿಲ್ಲ. ಹಾಗಾದರೆ ಇವರು ಅಳುವುದು ಯಾತಕ್ಕೆ? ಗಂಡನನ್ನು ಕೇಳಿದೆ. ಅವರು ಮಿಷನ್ ಶಾಲೆಯ ಮಾಸ್ತರು, ಮಾತು ಕಡಿಮೆ. ‘ಅವ್ವ ಮೊದಲಿಂದ ಹಂಗ’ ಅಂದರು.

ನನಗೆ ಮಾತ್ರ ಪಾಪ ಅನ್ನುವುದು ಬಾಯಿಪಾಠದ ಮಾತಾಗಿತ್ತು. ನನ್ನ ತವರು ಆಳಂದದ ಹತ್ತಿರದ ಹಳ್ಳಿ. ನಾನು ಚಿಕ್ಕವಳಿದ್ದಾಗಲೇ ನಮ್ಮ ಮನೆಯವರೆಲ್ಲ ದೀಕ್ಷಾಸ್ನಾನ ತೆಗೆದುಕೊಂಡಿದ್ದರು. ನೀನು ಪಾಪಿ ಎಂದು ಒಪ್ಪುತ್ತೀಯಾ ಎಂದು ಸಭೆಯ ಪಾದ್ರಿ ಅಯ್ಯನವರು ಕೇಳಿದಾಗ, ಪಕ್ಕದವರು ಹೌದ್ರಿ ಅಂದದ್ದಕ್ಕೆ ನಾನೂ ಹೌದ್ರಿ ಅಂದಿದ್ದೆ. ಒಳಗೆ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಸಿಗದಿರುವುದು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯುತ್ತಿರಲಿಲ್ಲ.

ನಲವತ್ತೇಳನೆಯ ಇಸವಿ ಮುಗಿಯುತ್ತ ಬಂದಂತೆ ನಮ್ಮ ನಿಜಾಮರ ಸಂಸ್ಥಾನದಲ್ಲಿ ಅಂಜಿಕೆ ಹೆಚ್ಚಾಯಿತು. ಹಳ್ಳಿ ಬಿಟ್ಟು ಖಜೂರಿ ದಾರಿಯಿಂದ ಗಡಿ ದಾಟಿ ಆ ಕಡೆಗೆ ಹೋಗುವ ಮಂದಿಯ ಸುದ್ದಿ ತವರಿನಿಂದ ಬರುತ್ತಿತ್ತು. ಅಂಥ ಒಂದು ಕುಟುಂಬವನ್ನು ನನ್ನ ಗಂಡ ಶಾಲೆಯಲ್ಲಿ ಇಳಿಸಿಕೊಂಡಿದ್ದರು. ಅದು ಠಾಣೆಯ ಜಮಾದಾರನ ಕಿವಿಗೆ ಬಿತ್ತು. ಅವನು ನನ್ನ ಗಂಡನನ್ನು ಕರೆಸಿ ಅಂಗಾಲಿಗೆ ಹೊಡೆಸಿದ. ಇಬ್ಬರು ಹೆಗಲು ಕೊಟ್ಟು ಮನೆಗೆ ತಂದು ಬಿಟ್ಟರು. ಅತ್ತೆ ಮಗನ ಕಾಲಿಗೆ ಅರಿಷಿಣ ಹಚ್ಚುತ್ತ ತುಟಿ ಕಚ್ಚಿಕೊಂಡಿದ್ದರು. ಮರುದಿನದ ಪ್ರಾರ್ಥನೆಯಲ್ಲಿ ಜಮಾದಾರನಿಗಾಗಿಯೂ ಬೇಡಿಕೊಂಡರು. ನನಗೆ ಸಿಟ್ಟು ಬಂತು.

ಮುಂದಿನ ವರ್ಷ ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂತು. ಜನ ಬಾವುಟ ಹಿಡಿದು ಓಡಾಡಿದರು. ಅದರ ಬೆನ್ನಿಗೇ ಬೇರೆ ಥರದ ಓಡಾಟ ಶುರುವಾಯಿತು. ಎಲ್ಲಿಂದಲೋ ಬಂದ ಗುಂಪುಗಳು ಮುಸಲ್ಮಾನರ ಮನೆ ಹುಡುಕತೊಡಗಿದವು. ನನ್ನ ಗಂಡ ನನ್ನ ತವರಿನವರ ಕ್ಷೇಮ ತಿಳಿಯಲು ಆಳಂದಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ.

ಮಧ್ಯಾಹ್ನ ಯಾರೋ ಕದ ಬಡಿದರು. ಅತ್ತೆ ತೆಗೆದರು. ಹೊಸ್ತಿಲಾಚೆ ಜಮಾದಾರನ ಹೆಂಡತಿ ನಿಂತಿದ್ದಳು. ಬುರ್ಖಾ ಇರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೊಂಟದ ಮೇಲೆ ಹೆಣ್ಣು ಕೂಸು. ಗಂಡ ಎಲ್ಲಿ ಹೋದನೋ ಗೊತ್ತಿಲ್ಲ, ಒಂದು ಮೂಲೆ ಕೊಟ್ಟರೆ ಸಾಕು ಎಂದು ಬೇಡಿದಳು. ಓಣಿಯ ಆ ತುದಿಯಲ್ಲಿ ಗದ್ದಲ ಕೇಳುತ್ತಿತ್ತು.

ನಾನು ಅತ್ತೆಯ ಹಿಂದೆ ನಿಂತು ಮೆಲ್ಲಗೆ, ‘ಒಳಗ ಕರಕೋಬ್ಯಾಡ್ರಿ ಅತ್ತಿ, ನಮ್ಮನ್ನೂ ಸುಡ್ತಾರ’ ಅಂದೆ.

ಅತ್ತೆ ಆ ಹೆಂಗಸಿನ ಮುಖ ನೋಡುತ್ತಲೇ ಇದ್ದರು. ನಂತರ ‘ಇಲ್ಲಿ ಜಾಗಿಲ್ಲ’ ಅಂದು ಕದ ಹಾಕಿ ಅಗಳಿ ಸರಿಸಿದರು.

ಸರಿಸಿದವರು ಅಲ್ಲೇ ಕದಕ್ಕೆ ಬೆನ್ನು ಕೊಟ್ಟು ನಿಂತರು. ಹೊರಗೆ ಕೂಸು ಅತ್ತದ್ದು, ಆ ಅಳು ದೂರವಾದದ್ದು ನಮಗಿಬ್ಬರಿಗೂ ಕೇಳಿಸಿತು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅತ್ತೆ ಅಗಳಿ ಕಿತ್ತು ಹೊರಗೆ ಓಡಿದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬಹಳ ಹೊತ್ತು ಬರಲಿಲ್ಲ. ಬಂದಾಗ ಆ ಹೆಂಗಸಿನ ತಲೆ ಮೇಲೆ ಅತ್ತೆಯ ಸೆರಗಿನ ಅರ್ಧ ಇತ್ತು, ಕೂಸು ಅತ್ತೆಯ ಕಂಕುಳಲ್ಲಿತ್ತು. ದನದ ಕೊಟ್ಟಿಗೆಯ ಹಿಂದಿನ ಮುಳ್ಳುಬೇಲಿಯಲ್ಲಿ ಅಡಗಿದ್ದಳಂತೆ. ಇಬ್ಬರ ಕೈತುಂಬ ತರಚು ಗಾಯ.

ಅವಳ ಅಣ್ಣನ ಮನೆ ಅಫಜಲಪುರದಲ್ಲಿತ್ತು. ಆದರೆ ಭೀಮಾ ನದಿ ತುಂಬಿ ಹರಿಯುತ್ತಿತ್ತು, ಹೆಂಗಸು ಕೂಸನ್ನು ದಾಟಿಸುವವರಿಲ್ಲ. ಹಾಗಾಗಿ ನೀರು ಇಳಿಯುವವರೆಗೆ ನಮ್ಮಲ್ಲೇ ಉಳಿದಳು. ನನ್ನ ಗಂಡ ಈಜುಗಾರರ ನೆರವಿನಿಂದ ಹೊಳೆ ದಾಟಿ, ಹೊಡೆತ ತಿಂದ ಕಾಲಲ್ಲಿ ಆಳಂದದಿಂದ ಕುಂಟುತ್ತ ಬಂದು, ಅಡಿಗೆಮನೆಯಲ್ಲಿ ಅವಳನ್ನು ನೋಡಿ, ಕೈಚೀಲ ಇಟ್ಟು ಶಾಲೆಗೆ ಹೋಗಿಬಿಟ್ಟರು. ಕೆಲವು ದಿನ ಊಟಕ್ಕೂ ಬರಲಿಲ್ಲ. ನಾನೇ ಬುತ್ತಿ ಒಯ್ದೆ. ಅವರು ಅವಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೂಸಿಗೆ ಹಾಲು ಸಿಗುತ್ತದೆಯೇ ಎಂದು ಮಾತ್ರ ಕೇಳಿದರು.

ಆ ತಿಂಗಳ ಕರ್ತನ ಭೋಜನಕ್ಕೆ ಅಯ್ಯನವರು ಬಂದರು. ಕರ್ತನ ನೆನಪಿಗೆ ಹಂಚುವ ಆ ರೊಟ್ಟಿಯನ್ನು, ಮನಸ್ಸಿನಲ್ಲಿ ಪಾಪ ಇಟ್ಟುಕೊಂಡವರು ಮುಟ್ಟುವಂತಿರಲಿಲ್ಲ. ರೊಟ್ಟಿ ಮುರಿದು ಕರೆದಾಗ ಎಲ್ಲರೂ ಎದ್ದೆವು, ಅತ್ತೆ ಏಳಲಿಲ್ಲ. ತಲೆ ತಗ್ಗಿಸಿ ಚಾಪೆಯ ಮೇಲೆ ಕೂತೇ ಇದ್ದರು. ನಾನು ಮುಂದೆ ಹೋಗಿ, ಕೈಯೊಡ್ಡಿ, ತಿಂದು ಬಂದೆ. ತಿರುಗಿ ಬಂದು ಅವರ ಪಕ್ಕ ಕೂತಾಗ ನನಗೆ ಏನೂ ಅರ್ಥವಾಗಲಿಲ್ಲ. ಜೀವ ಉಳಿಸಿದವರು ಹೊರಗೆ ಉಳಿದರು. ಬೇಡ ಎಂದು ಹೇಳಿಕೊಟ್ಟ ನಾನು ಹೋಗಿ ತಿಂದು ಬಂದಿದ್ದೆ. ನಾನು ಅಂದದ್ದು ಹೆದರಿಕೆಯಿಂದ. ಹೆದರಿಕೆ ಪಾಪವೇ? ಅವರು ಕದ ಹಾಕಿದ್ದೂ ಹೆದರಿಕೆಯಿಂದಲೇ ಇರಬೇಕಲ್ಲ?

ನದಿ ಇಳಿಯಿತು, ಗಾಡಿ ಗೊತ್ತಾಯಿತು. ಹೊರಡುವ ಹಿಂದಿನ ಸಂಜೆ ಆ ಹೆಂಗಸು ಕೂಸಿನ ತಲೆ ಬಾಚುತ್ತಿದ್ದಳು. ಅತ್ತೆ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತರು.

‘ನಿನ್ನ ಮುಖದ ಮ್ಯಾಲ ಬಾಗಲಾ ಹಾಕೀನಿ ತಾಯಿ. ನನಗ ಮಾಫ್ ಮಾಡು’ ಅಂದರು.

ಅವಳು ಗಾಬರಿಯಾದಳು. ‘ಆಮ್ಯಾಲ ನೀವೇ ಬಂದು ಕರಕೊಂಡು ಬಂದ್ರೆಲ್ಲ, ಅಮ್ಮಾ.’

‘ಬಾಗಲಾ ಹಾಕುಮುಂದ ನನಗ ಅಂಜಿಕಿ ಇರಲಿಲ್ಲ. ನನ್ನ ಮಗನ ಕಾಲು ನೆನಪಾತು. ಖುಷಿ ಆತು. ನಿನ್ನ ಕೂಸು ಅಳೋದು ಕೇಳಿ ಖುಷಿ ಆತು.’

ಆ ಹೆಂಗಸು ಬಾಚಣಿಗೆ ಕೆಳಗಿಟ್ಟಳು. ‘ನಾ ನಿಮ್ಮ ಜಾಗಾದಾಗ ಇದ್ದಿದ್ರ ತೆಗೀತಿದ್ದೆನೋ ಇಲ್ಲೋ, ಖುದಾಗೇ ಗೊತ್ತು’ ಅಂದಳು. ಮಾಫಿ ಕೊಟ್ಟೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೂಸನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಕೂರಿಸಿ, ತನ್ನ ಬಟ್ಟೆಗಂಟು ಕಟ್ಟಲು ಹೋದಳು. ಮಾರನೆಯ ಬೆಳಗ್ಗೆ ನನ್ನ ಗಂಡನೇ ಗಾಡಿಯ ಜೊತೆ ನದಿಯವರೆಗೆ ಹೋಗಿ ಬಂದರು.

ಮುಂದಿನ ಸಲ ಅತ್ತೆ ಎದ್ದು ಹೋಗಿ ರೊಟ್ಟಿ ತೆಗೆದುಕೊಂಡರು. ಈ ಸಲ ನನಗೆ ಏಳಲಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ. ‘ಅತ್ತಿ, ಅವತ್ತ ಕರಕೋಬ್ಯಾಡ್ರಿ ಅಂದೆ. ಅದು ಪಾಪ ಏನ್ರಿ?’

‘ನಾ ಹ್ಯಾಂಗ ಹೇಳಲೆವ್ವಾ’ ಅಂದರು ಅತ್ತೆ. ‘ನನಗ ನನ್ನದಷ್ಟ ಕಾಣಾಕತ್ತದ.’

ಹೌದು ಅಥವಾ ಅಲ್ಲ ಎಂದಿದ್ದರೆ ನನಗೆ ಸಾಕಿತ್ತು. ನಾನು ಮುನಿಸಿಕೊಂಡು ನಡೆದೆ.

ಚಳಿ ಬಿದ್ದ ಮೇಲೆ ಅವರು ನನ್ನನ್ನೂ ಇಜೇರಿಗೆ ಕರೆದುಕೊಂಡು ಹೋದರು. ಅಲ್ಲಿ ಶೇಂಗಾ ಬಿಡಿಸುತ್ತ ಕೂತ ಹೆಂಗಸರಿಗೆ ಅತ್ತೆ ಎಲ್ಲರೂ ಪಾಪಿಗಳೆಂಬ ಮಾತು ಓದಿ ಹೇಳಿದರು. ಮುಗಿದ ಮೇಲೆ ಅವರಲ್ಲಿ ಹಿರಿಯಳೊಬ್ಬಳು ನನ್ನ ಕಡೆ ತಿರುಗಿ, ‘ಇಷ್ಟು ಸಣ್ಣಾಕಿ ನೀ ಏನ್ ಪಾಪ ಮಾಡೀಯವ್ವಾ?’ ಎಂದು ನಗುತ್ತ ಕೇಳಿದಳು. ನಾನು ಅತ್ತೆಯನ್ನು ನೋಡಿದೆ. ಅವರು ನನ್ನ ನೆರವಿಗೆ ಬರಲಿಲ್ಲ.

‘ಹುಡುಕಾಕತ್ತೇನ್ರಿ’ ಅಂದೆ.

ಆಕೆ ಸರಿದು ಜಾಗ ಮಾಡಿ, ಒಂದು ಬೊಗಸೆ ಶೇಂಗಾ ನನ್ನ ಮುಂದೆಯೂ ಸುರಿದಳು.