ಹಸಿರು ಸೀರೆಯ ಸ್ಟಾಕು

ಹಳೆಯ ಶಾಲು ಹುಡುಕಲು ಟ್ರಂಕು ತೆಗೆದವಳ ಮೂಗಿಗೆ ಮೊದಲು ಬಡಿದದ್ದು ಗಂಜಿಯ ವಾಸನೆ. ಅದರ ಹಿಂದೆಯೇ ಡಾಂಬರು ಗುಳಿಗೆಯದು. ತಳದಲ್ಲಿದ್ದ ಹಸಿರು ಸೀರೆಗೆ ಕೈ ತಾಗಿದ್ದೇ ಹಾಗೇ ಕುಳಿತುಬಿಟ್ಟೆ. ಸೆರಗಿಗೆ ಪಿನ್ನು ಚುಚ್ಚಿದ ಚೀಟಿ ಇನ್ನೂ ಇದೆ. ಅದರ ಮೇಲಿನ ಕೋಡು ನಂಬರು ನನ್ನದೇ ಅಕ್ಷರ. ಇಷ್ಟು ವರ್ಷವಾದರೂ ಸೀರೆ ಗಂಜಿ ಬಿಟ್ಟಿಲ್ಲ... ಬನಹಟ್ಟಿಯ ಆ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತಂತೆ ಆಯಿತು.

ಅಂಗಡಿಯ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ನಮ್ಮ ಓಣಿಯವರು ಅಷ್ಟೇ. ಜಮಖಂಡಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆಸಿ, ಆಗಷ್ಟೇ ತಂದಿದ್ದ ಕಂಪ್ಯೂಟರನ್ನು ತೋರಿಸಿ, "ಇದಕ್ಕ ನಮ್ಮ ಅಂಗಡಿ ಅಂದ್ರ ಏನಂತ ಕಲಿಸು ತಂಗಿ" ಎಂದಿದ್ದರು.

ನಾನೂ ಹುರುಪಿನಿಂದ ಕಲಿಸಿದೆ. ಎರಡು ಟೇಬಲ್, ಎಂದರೆ ಪಟ್ಟಿ ಮಾಡಿದೆ, ಒಂದರಲ್ಲಿ ಖರೀದಿ, ಇನ್ನೊಂದರಲ್ಲಿ ಮಾರಾಟ. ಮಗ್ಗದವರಿಂದ ಒಟ್ಟಿಗೆ ಬಂದ ಸೀರೆಗಳ ಪ್ರತಿ ಲಾಟಿಗೂ ಒಂದು ಕೋಡು. ಆ ಕೋಡೇ ಎರಡೂ ಟೇಬಲ್‌ಗಳನ್ನು ಜೋಡಿಸುವ ಕೊಂಡಿ. ಸ್ಟಾಕು ಎಂದು ಬೇರೆ ಎಲ್ಲಿಯೂ ಬರೆದಿಡುವ ಹಾಗಿರಲಿಲ್ಲ. ಕೇಳಿದಾಗಲೆಲ್ಲ ಕಂಪ್ಯೂಟರೇ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದು, ಉಳಿದದ್ದನ್ನು ತೋರಿಸುತ್ತಿತ್ತು. ಇದರಲ್ಲಿ ತಪ್ಪಾಗಲು ಜಾಗವೇ ಇಲ್ಲವೆಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆದರೆ ಹಸಿರು ಸೀರೆಗಳ ಲೆಕ್ಕ ಮಾತ್ರ ಕೂಡಿ ಬರಲಿಲ್ಲ. ಎಂದೋ ಖಾಲಿಯಾದ ಲಾಟುಗಳು ಕೂಡ ಪರದೆಯ ಮೇಲೆ ಒಂದೋ ಎರಡೋ ಸ್ಟಾಕು ತೋರಿಸುತ್ತ ಉಳಿದುಕೊಳ್ಳುತ್ತಿದ್ದವು. ಹೋಗಿ ನೋಡಿದರೆ ಕಪಾಟು ಬೋಳು. ಬಿಳಿ ಧೋತರಗಳದೂ ಅದೇ ಕಥೆ. ಮೊದಲು ನನ್ನ ಪ್ರೋಗ್ರಾಮನ್ನು ಶಂಕಿಸಿದೆ, ಆಮೇಲೆ ಕಳ್ಳತನವೇನೋ ಎಂದುಕೊಂಡೆ. ಕಾಕಾ ಗಾದಿಯ ಮೇಲಿಂದ ಎದ್ದು ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದು ತೇರದಾಳದಾಕಿ," ಎಂದರು ಒಂದು ಸಾಲಿನ ಮೇಲೆ ಬೆರಳಿಟ್ಟು. "ಹೆರಿಗ್ಯಾಗ ಹ್ವಾದ್ಲು. ಇದು ಬೀಳಗಿ ಕಡೀ ಮುದುಕಿ. ಅವರ ಊರಾಗ ಹಿನ್ನೀರು ಬಂತಲ್ಲ, ಹೊಸಾ ಮನಿಗೆ ಹ್ವಾದ ಮ್ಯಾಲೆ ಬಾಳ ದಿನ ಉಳೀಲಿಲ್ಲ."

ಆಗ ತಿಳಿಯಿತು. ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಮುತ್ತೈದೆ ತೀರಿಕೊಂಡರೆ ಮೈಮೇಲೆ ಹೊದಿಸಲು ಹಸಿರು ಸೀರೆ, ಗಂಡಸಾದರೆ ಬಿಳಿ ಧೋತರ. ಕೇಳಲು ಬಂದವರು ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾಕಾ ತಾವೇ ಇಳಿದು ಹೋಗಿ ಕೈಗಿಡುತ್ತಿದ್ದರು. ಬಿಲ್ಲು ಮಾಡುತ್ತಿರಲಿಲ್ಲ. ಯಾರ ಮನೆಯಲ್ಲಾದರೂ ಜೀವ ಕಷ್ಟದಲ್ಲಿದೆ ಎಂದು ಸುದ್ದಿ ಬಂದರೆ, ಬಂದವರು ಕಾಯಬಾರದೆಂದು ಒಂದನ್ನು ತೆಗೆದು ಗಾದಿಯ ಕೆಳಗೆ ಮೊದಲೇ ಇಟ್ಟಿರುತ್ತಿದ್ದರು. ಸೀರೆ ಹೋಗುತ್ತಿತ್ತು, ಮಾರಾಟವಾಗುತ್ತಿರಲಿಲ್ಲ.

ಇಂಥವಕ್ಕೆ ಇನ್ನೊಂದು ಟೇಬಲ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ ಎಂದೆ.

"ಬ್ಯಾಡ ತಂಗಿ. ಬಿಲ್ಲು ಜೀವಂತ ಇದ್ದವರಿಗೆ. ಹ್ವಾದವರನ್ನ ಕಳೀಬ್ಯಾಡ, ಅಲ್ಲೇ ಇರಲಿ ಬಿಡು," ಎಂದರು.

ನಾನು ಬಿಟ್ಟೆ. ಆದರೆ ಅಂದಿನಿಂದ ಆ ಪಟ್ಟಿಯನ್ನು ತೆರೆಯಲು ಹೆದರಿಕೆಯಾಗುತ್ತಿತ್ತು. ಮಧ್ಯಾಹ್ನ ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತಿದ್ದವು. ಆ ನಿಶ್ಶಬ್ದದಲ್ಲಿ ಬ್ಯಾಟರಿಯ ಮೇಲೆ ಪರದೆಯೊಂದೇ ಬೆಳಗುತ್ತಿತ್ತು, ಅದರ ತುಂಬ ಅವರು. ನಾನು ನೋಡದೆ ಇರಲು ಪ್ರಯತ್ನಿಸುತ್ತಿದ್ದೆ. ಕಾಕಾ ಮಾತ್ರ ಪರಿಚಯದವರನ್ನು ನೋಡಿದ ಹಾಗೆ ನೋಡುತ್ತಿದ್ದರು.

ಆ ವರ್ಷ ಕಾಕೂ, ಎಂದರೆ ಕಾಕಾನ ಹೆಂಡತಿ, ಕಾಮಾಲೆಯಿಂದ ಮಲಗಿದರು. ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಏನನ್ನೂ ಬಿಚ್ಚಿ ಹೇಳುತ್ತಿರಲಿಲ್ಲ. ಕಾಕಾ ಬೆಳಿಗ್ಗೆ ಅಲ್ಲಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬಂದು ಅಂಗಡಿ ತೆಗೆಯುತ್ತಿದ್ದರು. ಹಾಗೆ ಬಂದ ಒಂದು ದಿನ, ಪರದೆಯ ಮೇಲಿನ ಆ ಸಾಲುಗಳಿಗೆ ಇನ್ನೊಂದು ಸೇರಿತ್ತು. ಹಸಿರು ಸೀರೆ, ಸ್ಟಾಕು ಒಂದು. ಕಪಾಟಿನಲ್ಲಿ ಇರಲಿಲ್ಲ.

"ಯಾರಿಗೆ ಕೊಟ್ರಿ ಕಾಕಾ?"

"ಯಾರಿಗೂ ಕೊಟ್ಟಿಲ್ಲ."

ಗಾದಿ ಎತ್ತಿ ನೋಡಿದೆವು. ಕಪಾಟುಗಳನ್ನೆಲ್ಲ ಕೆಳಗೆ ಸುರುವಿದೆವು. ಸೀರೆ ಇಲ್ಲ. "ಯಾರದು ತಂಗಿ ಇದು?" ಎಂದು ಕಾಕಾ ನನ್ನನ್ನೇ ಕೇಳಿದರು. ಇಬ್ಬರ ಮನಸ್ಸಿನಲ್ಲೂ ಒಬ್ಬರೇ ಇದ್ದರು.

"ಅದನ್ನ ಸೊನ್ನಿ ಮಾಡು."

"ಹಂಗ ಮಾಡಾಕ ಬರೂದಿಲ್ರಿ. ಸ್ಟಾಕು ಬರದಿಟ್ಟದ್ದಲ್ಲ, ಅದು ತಾನ ಲೆಕ್ಕಾ ಹಾಕಿ ಹೇಳತೈತಿ. ಮಾರೀವಿ ಅಂತ ಬಿಲ್ಲು ಹಾಕಿದ್ರಷ್ಟ ಸೊನ್ನಿ ಆಕ್ಕೈತಿ."

"ಹಂಗಾರ ಹಾಕು. ನಿಮ್ಮ ಕಾಕೂನ ಹೆಸರಿಗೆ ಹಾಕು. ಆಕಿ ತಗೊಂಡಾಳ ಅಂತ ಹಾಕು," ಎಂದರು. ನಾನು ಕಾಕೂನ ಹೆಸರು ಟೈಪು ಮಾಡಿದೆ. ಬಿಲ್ಲು ಹರಿದು ಕೊಟ್ಟಾಗ ಕಾಕಾ ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, ತಿರುಗಿ ಜಮಖಂಡಿಯ ಬಸ್ಸು ಹತ್ತಿದರು. ಪರದೆಯ ಮೇಲಿನ ಆ ಸಾಲು ಹೋಗಿತ್ತು.

ಕಾಕೂ ಎದ್ದು ಕುಳಿತರು. ಡಾಕ್ಟರರ ಔಷಧಿ ಹತ್ತಿತು ಎಂದರು ಎಲ್ಲರೂ. ಆ ಸೀರೆ ಮಾತ್ರ ಸಿಗಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಹೋದವರು ಕಾಕಾ. ಅಷ್ಟರಲ್ಲಿ ನಾನು ಮದುವೆಯಾಗಿ ಮುಧೋಳಕ್ಕೆ ಬಂದಿದ್ದೆ, ಸುದ್ದಿ ತಡವಾಗಿ ತಿಳಿಯಿತು. ಅಂಗಡಿ ಮುಚ್ಚುತ್ತೇವೆ, ಕೊನೆಯ ಸ್ಟಾಕಿನ ಲೆಕ್ಕ ತೆಗೆದುಕೊಡು ಎಂದು ಕಾಕೂ ಕರೆಸಿದಾಗ ಕಪಾಟುಗಳೆಲ್ಲ ಖಾಲಿಯಾಗಿದ್ದವು. ಕಂಪ್ಯೂಟರು ಹಚ್ಚಿದೆ. ಹಳೆಯ ಹಸಿರು ಸಾಲುಗಳು ಇದ್ದಲ್ಲೇ ಇದ್ದವು. ತಳದಲ್ಲಿ ನಾನು ಹಿಂದೆ ನೋಡಿರದ ಒಂದು ಸಾಲು. ಬಿಳಿ ಧೋತರ, ಸ್ಟಾಕು ಒಂದು. ಕಾಕಾ... ನಾನು ಅಲ್ಲೇ ಕುಳಿತು ಅತ್ತೆ.

ಆಗ ಕಾಕೂ ಒಳಗಿನಿಂದ ಈ ಸೀರೆಯನ್ನು ತಂದರು. ಕಾಕಾ ಹೋದ ಮೇಲೆ ಗಾದಿ ಎತ್ತಿದಾಗ ಕೆಳಗಿತ್ತಂತೆ. ಅಂದು ನಾನೂ ಕಾಕಾನೂ ಕೂಡಿ ಎತ್ತಿ ನೋಡಿದ್ದ ಅದೇ ಗಾದಿ.

"ನನಗಂತೂ ಇದು ಇನ್ನ ಬರೂದಿಲ್ಲ," ಎಂದರು ಕಾಕೂ ತಮ್ಮ ಬರಿ ಹಣೆ ಮುಟ್ಟಿಕೊಂಡು. "ಬಿಲ್ಲು ಹಾಕಿದಾಕಿ ನೀನು. ನೀನ ಇಟಗೋ ತಂಗಿ. ಉಡಬ್ಯಾಡ, ಯಾರಿಗೂ ಕೊಡಬ್ಯಾಡ."

ಹಾಗೆ ಇದು ನನ್ನ ಟ್ರಂಕಿಗೆ ಬಂತು. ಇವತ್ತು ಮತ್ತೆ ಮಡಿಕೆ ಬಿಚ್ಚದೆ ಹಾಗೆಯೇ ತಳಕ್ಕಿಟ್ಟೆ. ಏಳುವಾಗ ಟ್ರಂಕಿನ ಮೇಲಿನ ಕನ್ನಡಿಯಲ್ಲಿ ನನ್ನ ಕುಂಕುಮ ಕಂಡಿತು. ಹಸಿರು ಸೀರೆ ಹೊದಿಸುವುದು ಮುತ್ತೈದೆಗೆ. ಲೆಕ್ಕದ ಪ್ರಕಾರ ಈ ಸೀರೆ ಇಲ್ಲ, ಬಂದಿದೆ, ಹೋಗಿದೆ, ಉಳಿದದ್ದು ಸೊನ್ನೆ. ಹಾಗಾದರೆ ಇದು ಯಾರದು ಎಂದು ಕೇಳೋಣವೆಂದರೆ, ಬೆರಳಿಟ್ಟು ಹೇಳಲು ಕಾಕಾ ಇಲ್ಲ.